ಒಡಕು ದೊರೆಯ ಪಾರ್ಟು

ಜೂನ್ 9

ಅಪ್ಪಾ,

ಫೋನಿನಲ್ಲಿ ನೀನು ಬಾಯಿ ತೆರೆದರೆ ನನ್ನ ಸರದಿ ಬರುವುದೇ ಇಲ್ಲ. ಅದಕ್ಕೇ ಈ ಪತ್ರ. ಕಾಗದದ ಮೇಲಾದರೂ ನಾನು ಹೇಳಿ ಮುಗಿಸುವವರೆಗೆ ನೀನು ಸುಮ್ಮನಿರಬೇಕಾಗುತ್ತದೆ.

ಈ ವರ್ಷ ನನಗೆ ಎರಡನೇ ತರಗತಿ ಕೊಟ್ಟಿದ್ದಾರೆ. ಮೂವತ್ತೊಂದು ಮಕ್ಕಳು. ಎಲ್ಲರಿಗೂ ಏಳು ವರ್ಷ, ಅರ್ಧ ಜನಕ್ಕೆ ಮುಂದಿನ ಹಲ್ಲಿಲ್ಲ. ಮೊದಲ ಪಾಠವೇ 'ನಮ್ಮ ದೇಶ'. ಪುಸ್ತಕದಲ್ಲಿ ಒಂದೂವರೆ ಪುಟ: ಒಂದು ನಕ್ಷೆ, ಒಂದು ಬಾವುಟ, ಕೆಳಗೆ ನಾಲ್ಕು ಸಾಲು. ಎರಡು ದಿನದ ಕೆಲಸ ಎಂದುಕೊಂಡಿದ್ದೆ. ಆದರೆ ಚುನಾವಣೆ ಬಂದಿದೆ. ಶಾಲೆಯ ಎದುರು ಗೋಡೆಗೆ ಸೋಮವಾರ ಒಂದು ಬಣ್ಣ, ಗುರುವಾರ ಅದರ ಮೇಲೆ ಇನ್ನೊಂದು ಬಣ್ಣ.

"ನಮ್ಮ ದೇಶ ಕಟ್ಟಿದೋರು ಯಾರು?" ಎಂದು ಕೇಳಿಬಿಟ್ಟೆ.

"ನಮ್ಮ ಪಕ್ಷದೋರು ಮಿಸ್!" ಎಂದ ಧ್ವನಿವರ್ಧಕದ ಅಂಗಡಿಯವರ ಮಗ. ಗಂಟಲೂ ಅಂಗಡಿಯ ಮಾಲಿನ ಹಾಗೇ ಇದೆ. ಎಲ್ಲರೂ ಅವನನ್ನು ಗುಡುಗು ಎನ್ನುತ್ತಾರೆ.

"ಸುಳ್ಳು ಮಿಸ್! ಇವ್ರ ಪಕ್ಷದೋರು ದೇಶಾನ ಮಾರಿದ್ರು!" ಎಂದಳು ಮುದ್ರಣಾಲಯದವರ ಮಗಳು. ಅಪ್ಪನ ಯಂತ್ರದ ಪಕ್ಕದಲ್ಲೇ ಬೆಳೆದ ಹುಡುಗಿ, ಬೆರಳಲ್ಲಿ ಸದಾ ಮಸಿ. ಮಕ್ಕಳು ಇಟ್ಟ ಹೆಸರು ಶಾಯಿಬೆರಳು.

"ಮಾರೋದು ಅಂದ್ರೆ ಏನಮ್ಮ?" ಎಂದೆ.

"ಅಂಗಡೀಲಿ ಇಡೋದು."

"ಇಡೀ ದೇಶಾನ ಯಾವ ಅಂಗಡೀಲಿ ಇಟ್ಟಿದ್ರು?"

ಪಾಪ, ಬಹಳ ಹೊತ್ತು ಯೋಚಿಸಿದಳು. "ದೊಡ್ಡ ಅಂಗಡೀಲಿ," ಎಂದಳು.

ನಗು ಬಂತು, ಆಮೇಲೆ ನಗು ಹೋಯಿತು. ಇವು ಮಕ್ಕಳ ಮಾತಲ್ಲ, ಮನೆಯಿಂದ ಹೊತ್ತು ತಂದ ಮಾತು. ಮಕ್ಕಳು ತಮ್ಮ ದೇಶವನ್ನು ತಮ್ಮ ಕಣ್ಣಿನಿಂದ ನೋಡಬೇಕು ಎಂಬ ಆಸೆ ನನಗೆ. ಒಂದು ಪುಟ್ಟ ನಾಟಕ ಬರೆದುಕೊಡುತ್ತೀಯಾ? ಹದಿನೈದು ನಿಮಿಷ. ಪಕ್ಷ, ಪಂಗಡ ಏನೂ ಇರಬಾರದು. ಇಲ್ಲಿ ಯಾರು ಯಾವ ಪಕ್ಷ ಎಂದೂ ನಿನಗೆ ಬರೆಯುವುದಿಲ್ಲ. ನೀನು ಒಂದು ಕಡೆ ವಾಲುತ್ತೀಯ, ಆಮೇಲೆ ನಾಟಕವೂ ವಾಲುತ್ತದೆ.

ಚಿಕ್ಕದು ಅಪ್ಪಾ. ಚಿಕ್ಕದು ಎಂದರೆ ನಿನ್ನ ಲೆಕ್ಕದ ಚಿಕ್ಕದಲ್ಲ.

ನಿನ್ನ ಮಗಳು


ಜೂನ್ 18

ಮಗಳೇ! ನನ್ನ ಮುಪ್ಪಿನ ಏಕೈಕ ಪ್ರೇಕ್ಷಕಿಯೇ!

ನಿನ್ನ ಕಾಗದ ಒಡೆದೆ! ಓದಿದೆ! ಎದ್ದು ನಿಂತೆ! ನಲವತ್ತು ವರ್ಷ ಕಿರೀಟ ಹೊತ್ತ ಈ ತಲೆಗೆ ಮತ್ತೆ ಕರೆ ಬಂತೇ? ಬಂತು, ಬಂತು, ಬಂದೇ ಬಂತು! ಹೀಗೆ ನಾನು ಕೂಗಿದ ರಭಸಕ್ಕೆ ಕೆಳಗಿನ ಅಂಗಡಿಯ ದರ್ಜಿ ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ.

"ಯಾರ್ ಬಂದ್ರು ಯಜಮಾನ್ರೇ?"

"ದೇಶ ಬಂತಯ್ಯಾ, ದೇಶ!"

"ಬಂದೋರನ್ನ ಸ್ವಲ್ಪ ಮೆಲ್ಲಗೆ ಮಾತಾಡಿಸಿ. ಗಿರಾಕಿ ಎದೆ ಅಳತೆ ತಗೋತಿದ್ದೆ, ನಿಮ್ಮ ಕೂಗಿಗೆ ಉಸಿರೆಳ್ಕೊಂಡ್ರು, ಎರಡಿಂಚು ಜಾಸ್ತಿ ಬಂತು."

ಅರಸಿಕ! ಇರಲಿ. ನಾಟಕ ಸಿದ್ಧ! ದೇಶ ಎಂಬ ಮಹಾರಾಜ. ನದಿ, ಬೆಟ್ಟ, ಹೊಲ, ಕಡಲು ಎಂಬ ಮಂತ್ರಿಗಳು. ಎಲ್ಲವೂ ಸುಖವಾಗಿರುವಾಗ, ಧಡ್! ಪ್ರವೇಶ ಒಡಕು ದೊರೆ! ಅವನ ಮಾತು ಬರೆಯುವಾಗ ನನ್ನ ಮೈಯೇ ಜುಮ್ಮೆಂದಿತು: "ಹಹ್ಹಹ್ಹಾ! ಈ ದೇಶ ನನ್ನದಲ್ಲ! ಇದನ್ನು ಒಡೆದು ಚೂರು ಚೂರು ಮಾಡಿ ಗಾಳಿಗೆ ತೂರುತ್ತೇನೆ! ತಡೆಯುವ ಎದೆ ಇದ್ದರೆ ಬರಲಿ!" ಕೊನೆಗೆ ಎಲ್ಲರೂ ಒಂದಾಗಿ ಅವನನ್ನು ಗಡಿಯಾಚೆ ಅಟ್ಟುತ್ತಾರೆ. ಪರದೆ. ಚಪ್ಪಾಳೆ!

ನಿನ್ನ ಷರತ್ತು ಮರೆತಿಲ್ಲ. ಒಡಕು ದೊರೆ ಯಾವ ಪಕ್ಷಕ್ಕೂ ಸೇರಿದವನಲ್ಲ, ಪಕ್ಕಾ ಸ್ವತಂತ್ರ ಅಭ್ಯರ್ಥಿ. ಆ ಪಾತ್ರವನ್ನು ತರಗತಿಯಲ್ಲಿ ಅತಿ ದೊಡ್ಡ ಗಂಟಲಿರುವವನಿಗೆ ಕೊಡು.

ಅದನ್ನು ನಮ್ಮ ನಾಟಕ ಕಂಪನಿಯ ಪದ್ಧತಿಯಲ್ಲೇ ಕಳಿಸಿದ್ದೇನೆ. ನಿನಗೆ ಗೊತ್ತಿರುವುದೇ: ಪೂರ್ತಿ ಪ್ರತಿ ಯಾರ ಕೈಗೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಅದರಲ್ಲಿ ಅವರ ಪಾರ್ಟು ಮಾತ್ರ, ಮೇಲೆ ಹಿಂದಿನವರ ಕೊನೆಯ ನಾಲ್ಕು ಪದ. ಪೂರ್ತಿ ಕೊಟ್ಟರೆ ಎದುರು ಕಂಪನಿಯವರು ಕದಿಯುತ್ತಿದ್ದರು. ಅದು ಹೋಗಲಿ, ಎಲ್ಲವನ್ನೂ ಬಲ್ಲ ನಟ ಎದುರಿನವನ ಮಾತಿಗೆ ಕಿವಿ ಕೊಡುವುದಿಲ್ಲ. ಚೀಟಿಗಳನ್ನು ಮನೆಗೆ ಕೊಟ್ಟು ಕಳಿಸು, ಬಾಯಿಪಾಠ ಮಾಡಿಕೊಂಡು ಬರಲಿ.

ಇಂತಿ, ಗಂಟಲು ಕೆಟ್ಟರೂ ಗತ್ತು ಕೆಡದ

ನಿನ್ನ ಅಪ್ಪ


ಜುಲೈ 5

ಅಪ್ಪಾ,

ಅನಾಹುತವಾಗಿದೆ. ಕುಳಿತು ಓದು.

ನಾನೂ ಕಂಪನಿಯಲ್ಲಿ ಬೆಳೆದವಳೇ ತಾನೆ, ಪಾರ್ಟು ಹಂಚುವಾಗ ಎರಡನೇ ಯೋಚನೆಯೇ ಬರಲಿಲ್ಲ. ಮಕ್ಕಳಿಗೆ ಕಥೆ ಹೇಳಿದೆ, ಚೀಟಿ ಕೊಟ್ಟೆ, ಮನೆಗೆ ಕಳಿಸಿದೆ. ಒಡಕು ದೊರೆಯ ಪಾರ್ಟು ಗುಡುಗನಿಗೆ ಹೋಯಿತು. ಹುಡುಗನಿಗೆ ಎಷ್ಟು ಖುಷಿ ಎಂದರೆ, ಸಂಜೆ ಅಪ್ಪನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಮೈಕು ಹಾಕಿಕೊಂಡು ಅಭ್ಯಾಸ ಮಾಡಿದ್ದಾನೆ. ಮೈಕು ಹೊರಗಿನ ಕಂಬದ ಮೇಲಿನ ನಾಲ್ಕು ಹಾರನ್ನುಗಳಿಗೆ ಸೇರಿಸಿತ್ತು. ಮಾರನೆಯ ದಿನದ ಚುನಾವಣಾ ಸಭೆಗೆ ಅವರಪ್ಪ ಪರೀಕ್ಷೆ ಮಾಡಿಟ್ಟಿದ್ದರು. ಊರ ನಡುವಿನ ಹೊಳೆಯ ಎರಡೂ ದಂಡೆಗೆ ಕೇಳಿಸಿತು: "ಈ ದೇಶ ನನ್ನದಲ್ಲ! ಚೂರು ಚೂರು ಮಾಡಿ ಗಾಳಿಗೆ ತೂರುತ್ತೇನೆ!" ನಡುವೆ ನಿನ್ನ ಹಹ್ಹಹ್ಹಾ ಬೇರೆ. ಅದನ್ನಂತೂ ಏಳು ಸಲ ಮಾಡಿದನಂತೆ.

ಬೆಳಿಗ್ಗೆ ಶಾಲೆಯ ಬಾಗಿಲು ತೆರೆಯುವ ಮೊದಲೇ ಧ್ವನಿವರ್ಧಕದವರು ಚೀಟಿ ಹಿಡಿದು ನಿಂತಿದ್ದರು. "ಮೂವತ್ತೊಂದು ಮಕ್ಳಲ್ಲಿ ದೇಶದ್ರೋಹಿ ಪಾರ್ಟು ಮಾಡೋಕೆ ನನ್ನ ಮಗನೇ ಸಿಕ್ಕಿದ್ನಾ ಮಿಸ್? ನಮ್ಮ ಪಕ್ಷ ಅಂದ್ರೆ ನಿಮ್ಗೆ ಅಷ್ಟೊಂದು ಸಸಾರನಾ?" ಹತ್ತು ನಿಮಿಷಕ್ಕೆ ಮುದ್ರಣಾಲಯದವರು ಬಂದರು. "ಮಕ್ಳ ಬಾಯಲ್ಲಿ ದೇಶ ಒಡೆಯೋ ಮಾತು ಆಡಿಸ್ತೀರಾ? ಇದನ್ನ ಯಾರು ಹೇಳ್ಕೊಟ್ರು ನಿಮ್ಗೆ, ಇವ್ರ ಪಕ್ಷದೋರಾ?" ಹನ್ನೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಒಂದೇ ಬೆಂಚಿನಲ್ಲಿ ಕುಳಿತು ಒಂದೇ ದೂರಿಗೆ ಸಹಿ ಹಾಕಿದರು: ಈ ಟೀಚರನ್ನು ತೆಗೆಯಿರಿ.

ನಮ್ಮ ಶಾಲೆಯ ಮುಖ್ಯಸ್ಥೆಯನ್ನು ನಾವು ದೊಡ್ಡ ಮಿಸ್ ಎನ್ನುತ್ತೇವೆ. ಅವರು ನನ್ನನ್ನು ಕರೆದು ಹೇಳಿದ್ದು ಇಷ್ಟು: ಜುಲೈ ಮೂವತ್ತಕ್ಕೆ ಪೋಷಕರ ಸಭೆ. ಅಲ್ಲಿವರೆಗೆ 'ನಮ್ಮ ದೇಶ' ಪಾಠ ನಿಲ್ಲಿಸಬೇಕು. ನನ್ನ ವಿವರಣೆ ಸಭೆಗೆ ಒಪ್ಪಿಗೆಯಾಗದಿದ್ದರೆ ನನ್ನನ್ನು ತರಗತಿಯಿಂದ ತೆಗೆದು ಕಚೇರಿಯಲ್ಲಿ ಕೂರಿಸುತ್ತಾರೆ, ದಾಖಲಾತಿ ಪುಸ್ತಕ ಬರೆಯಲು.

ಪೂರ್ತಿ ನಾಟಕ ತೋರಿಸಿದರೆ ಅವರಿಗೆ ಅರ್ಥವಾದೀತು. ಹಂಚಿದ ಚೀಟಿಗಳಲ್ಲಿ ಅರ್ಧಕ್ಕರ್ಧ ಮನೆಗಳಿಂದ ವಾಪಸ್ ಬಂದಿಲ್ಲ. ದಯವಿಟ್ಟು ಪೂರ್ತಿ ಪ್ರತಿ ಕಳಿಸು.

ಇನ್ನೊಂದು ಮಾತು. ಗುಡುಗನನ್ನು ಆಟಕ್ಕೆ ಯಾರೂ ಸೇರಿಸುತ್ತಿಲ್ಲ. ನಿನ್ನೆ ಊಟದ ಬಿಡುವಿನಲ್ಲಿ ಹತ್ತಿರ ಬಂದು, ಅವನಿಂದ ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ಮಿಸ್, ನಾನು ಕೆಟ್ಟವ್ನಾ?" ಎಂದ.

ನಿನ್ನ ಮಗಳು


ಜುಲೈ 10

ಮಗಳೇ!

ದೂರೇ? ನನ್ನ ನಾಟಕದ ಮೇಲೆ ದೂರೇ? ತಪ್ಪು ನಾಟಕದ್ದಲ್ಲ, ಪ್ರೇಕ್ಷಕರದ್ದು! ಒಂದು ಚೀಟಿ ಓದಿ ಇಡೀ ನಾಟಕಕ್ಕೆ ತೀರ್ಪು ಕೊಡುವ ಆ ಮಹಾನುಭಾವರನ್ನು ನನ್ನೆದುರು ನಿಲ್ಲಿಸು. ಆ ಹಾರನ್ನುಗಳಿಗಿಂತ ಈ ಗಂಟಲು ಜೋರು!

ಪೂರ್ತಿ ಪ್ರತಿ ಇಲ್ಲ. ಎಂದೂ ಇರಲಿಲ್ಲ. ಅದು ನನ್ನ ತಲೆಯಲ್ಲಿದೆ. ಖಳನಿಲ್ಲದ ನಾಟಕ ಬೇಕೆಂದು ಕೇಳಲೂಬೇಡ. ಅಂಥದ್ದು ನಾಟಕವಲ್ಲ, ಹವಾಮಾನ ವರದಿ. ದೇಶ ದೊಡ್ಡದೆಂದು ಜನಕ್ಕೆ ಅನ್ನಿಸಬೇಕಾದರೆ ಎದುರಿಗೊಬ್ಬ ದ್ರೋಹಿ ಬೇಕು. ಹುಡುಗನಿಗೆ ಹೇಳು: ಪಾತ್ರ ಬೇರೆ, ಮನುಷ್ಯ ಬೇರೆ. ಬಣ್ಣ ತೊಳೆದರೆ ಮುಗಿಯಿತು!

ಇಂತಿ, ಬಾಗದ ಬೆನ್ನಿನ

ನಿನ್ನ ಅಪ್ಪ


ಜುಲೈ 14

ಅಪ್ಪನವರಿಗೆ,

ಬಣ್ಣ ತೊಳೆದರೆ ಮುಗಿಯುವುದಿಲ್ಲ. ನನಗೆ ಗೊತ್ತು.

ನನಗೆ ಏಳು ವರ್ಷವಿದ್ದಾಗ ನೀವು ಕೊಟ್ಟ ಪಾರ್ಟಿನಲ್ಲಿ ಹನ್ನೊಂದು ಸಾಲಿತ್ತು. ದ್ರೋಹಿಯ ಮಗಳು. ನೀವು ಮಹಾರಾಜ. ಕೊನೆಯ ಅಂಕದಲ್ಲಿ ನನ್ನ ಕೈಹಿಡಿದು ಎಳೆದು ತಂದು, "ತೊಲಗು! ಈ ನೆಲದ ಅನ್ನಕ್ಕೂ ನಿನಗೂ ಋಣ ತೀರಿತು!" ಎನ್ನುತ್ತಿದ್ದಿರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಹೀಗೆ ಎರಡು ವರ್ಷ. ಡೇರೆ ಹೋದ ಊರಿನಲ್ಲೆಲ್ಲ ನನ್ನನ್ನು ಹೊಸ ಶಾಲೆಗೆ ಸೇರಿಸುತ್ತಿದ್ದಿರಿ. ಹಿಂದಿನ ಸಂಜೆ ನಾಟಕ ನೋಡಿದ ಮಕ್ಕಳು ಮಾರನೆಯ ದಿನ ನನ್ನ ಪಕ್ಕದ ಜಾಗ ಬಿಟ್ಟು ಕೂರುತ್ತಿದ್ದರು. ಅಮ್ಮ ಜಗಳವಾಡಿ ನನ್ನನ್ನು ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದದ್ದು ಓದಿಗೆ ಎಂದು ನೀವು ಇವತ್ತಿಗೂ ಹೇಳುತ್ತೀರಿ.

ಗುಡುಗನ ಪಕ್ಕದ ಜಾಗ ಖಾಲಿ ಇದೆ. ಚೀಟಿ ಕೊಟ್ಟದ್ದು ನಾನು. ಎಲ್ಲವೂ ಗೊತ್ತಿದ್ದ ನಾನೇ ಕೊಟ್ಟೆ. ಅದಕ್ಕೇ ನನಗೆ ನಿದ್ದೆ ಹತ್ತುತ್ತಿಲ್ಲ.

ನಾಟಕ ಬೇಡ. ಪ್ರತಿ ಇಲ್ಲದಿದ್ದರೆ ಬಿಡಿ. ಸಭೆಯನ್ನು ನಾನೇ ನೋಡಿಕೊಳ್ಳುತ್ತೇನೆ.

ಮಗಳು


ಜುಲೈ 25

ಮಗಳೇ,

ಮೂರು ಕಾಗದ ಬರೆದೆ, ಮೂರನ್ನೂ ಹರಿದೆ. ಮೂರರಲ್ಲೂ ಮಾತು ಚೆನ್ನಾಗಿತ್ತು, ಅದಕ್ಕೇ ಹರಿದೆ.

ನನ್ನನ್ನು ನೀನು 'ನೀವು' ಎಂದು ಕರೆದದ್ದು ಇದೇ ಮೊದಲು. ಕಿವಿಗೆ ಬಿತ್ತು.

ಕೊನೆಯ ಅಂಕದಲ್ಲಿ ನೀನು ಅಳುತ್ತಿದ್ದೆಯಲ್ಲ, ಮುಂದಿನ ಸಾಲಿನವರು, "ಎಂಥಾ ಅಭಿನಯ! ಇಷ್ಟು ಪುಟ್ಟ ಹುಡುಗಿ!" ಎನ್ನುತ್ತಿದ್ದರು. ನಾನು ಹೂಂ ಎಂದು ತಲೆಯಾಡಿಸುತ್ತಿದ್ದೆ. ಅಭಿನಯವಲ್ಲ ಎಂದು ನನಗೆ ಗೊತ್ತಿತ್ತು. ಡೇರೆ ತುಂಬುತ್ತಿತ್ತು. ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ಜೊತೆಗೆ ಪೂರ್ತಿ ನಾಟಕ ಇಟ್ಟಿದ್ದೇನೆ. ಜೀವನದಲ್ಲಿ ಮೊದಲ ಸಲ ಒಂದು ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಬರೆದು ಒಬ್ಬರ ಕೈಗೆ ಕೊಡುತ್ತಿದ್ದೇನೆ. ಸಭೆಗೆ ಬೇಕಾದರೆ ತೋರಿಸು, ಬೇಡವಾದರೆ ಬಿಡು.

ಖಳನನ್ನು ತೆಗೆದು ಬರೆಯಲೂ ನೋಡಿದೆ. ನದಿ ಬರುತ್ತದೆ, ಬೆಟ್ಟ ಬರುತ್ತದೆ, ಇಬ್ಬರೂ ನಮಸ್ಕಾರ ಮಾಡುತ್ತಾರೆ, ಆಮೇಲೆ ಸುಮ್ಮನೆ ನಿಂತುಬಿಡುತ್ತಾರೆ. ದರ್ಜಿಗೆ ಓದಿ ಹೇಳಿದೆ. "ಬಸ್ಸಿಗೆ ಕಾಯ್ತಿದಾರಾ?" ಎಂದ. ಆ ಜಾಗದಲ್ಲಿ ಏನು ಹಾಕಬೇಕೋ ನನಗೆ ತಿಳಿಯುತ್ತಿಲ್ಲ. ನಿನಗೆ ತಿಳಿದರೆ ಹೇಳು.

ಆ ಹುಡುಗ ಕೇಳಿದನಲ್ಲ, ನೀನು ಏನು ಉತ್ತರ ಕೊಟ್ಟೆ?

ಅಪ್ಪ


ಆಗಸ್ಟ್ 1

ಅಪ್ಪಾ,

ಮೊದಲು ನಿನ್ನ ಪ್ರಶ್ನೆಗೆ. ಗುಡುಗನಿಗೆ, "ಕೆಟ್ಟವನಲ್ಲ ಕಣೋ. ತಪ್ಪು ನಾನು ಮಾಡಿದ್ದು," ಎಂದೆ. "ಮಿಸ್ ಕೂಡ ತಪ್ಪು ಮಾಡ್ತಾರಾ?" ಎಂದು ಕಣ್ಣರಳಿಸಿದ. ಅವನಿಗೆ ಸಮಾಧಾನಕ್ಕಿಂತ ಆಶ್ಚರ್ಯವೇ ಹೆಚ್ಚಾದ ಹಾಗಿತ್ತು.

ಇನ್ನು ಸಭೆ. ನಮ್ಮ ತರಗತಿಯಲ್ಲೇ, ಸಂಜೆ ನಾಲ್ಕಕ್ಕೆ. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು. ನಿನ್ನ ಪ್ರತಿ ಎರಡು ದಿನ ಮೊದಲು ಕೈಸೇರಿತ್ತು. ಪೂರ್ತಿ ಓದಿದೆ. ಹಹ್ಹಹ್ಹಾ ಸಮೇತ.

ಮುದ್ರಣಾಲಯದವರ ಮುಖ ಸಡಿಲವಾಯಿತು. "ಓಹೋ, ಕೊನೇಲಿ ಅವನನ್ನ ಓಡಿಸ್ತಾರಾ? ಹಾಗಾದ್ರೆ ಸರಿ ಬಿಡಿ."

"ಏನ್ ಸರಿ?" ಎಂದು ಧ್ವನಿವರ್ಧಕದವರು ಎದ್ದರು. ಬೆಂಚೂ ಅವರ ಜೊತೆ ಎದ್ದಿತು. "ಎಲ್ರೂ ಸೇರಿ ಓಡಿಸೋದು ನನ್ನ ಮಗನ್ನ ತಾನೆ? ಈ ತಿಂಗಳಿಡೀ ಅವನು ಮೈದಾನದ ಮೂಲೇಲಿ ಒಬ್ನೇ ಕೂರ್ತಾನೆ."

ನಿನ್ನ ನಾಟಕವನ್ನು ಸಮರ್ಥಿಸಿದರೆ ಅರ್ಧ ಸಭೆ ನನ್ನ ಕಡೆ ಇತ್ತು ಅಪ್ಪಾ. ಆದರೆ ಅವರು ಹೇಳಿದ್ದು ನಿಜ. "ನಿಮ್ಮ ಮಾತು ಸರಿ," ಎಂದೆ. "ದೇಶಾನ ಪ್ರೀತಿ ಮಾಡಿ ಅಂತ ಹೇಳೋಕೆ ಒಂದು ಮಗೂನ ಹೊರಗೆ ಹಾಕಿದೆ. ಈ ನಾಟಕ ಮಾಡಿಸಲ್ಲ. ಆದ್ರೆ ಪಾಠ ನಿಲ್ಲಿಸೋಕೂ ಇಷ್ಟ ಇಲ್ಲ. ಬೇರೆ ತರ ಮಾಡ್ತೀನಿ, ಅವಕಾಶ ಕೊಡಿ."

"ಬೇರೆ ತರ ಅಂದ್ರೆ? ಯಾರ ಕಡೆ?" ಎಂದರು ಮುದ್ರಣಾಲಯದವರು.

ನಾನು ಹೇಳಿದೆ: ತರಗತಿಯಲ್ಲಿ ದೇಶದ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು. ಆದರೆ ಹೇಳಿದವರಿಗೆ ಎರಡು ಪ್ರಶ್ನೆ. ನೀನು ನೋಡಿದೆಯಾ? ನೋಡಿಲ್ಲದಿದ್ದರೆ, ಯಾರ ಬಗ್ಗೆ ಹೇಳುತ್ತೀಯೋ ಅವರನ್ನು ಕೇಳಿದೆಯಾ? ಎರಡೂ ಇಲ್ಲದಿದ್ದರೆ ಬೈಯುವುದಿಲ್ಲ, ಹೋಗಿ ನೋಡಿಕೊಂಡು, ಕೇಳಿಕೊಂಡು ಬರಬೇಕು. ಟೀಚರಿಗೂ ಇದೇ ನಿಯಮ. ನನ್ನ ಓಟು ಯಾರಿಗೆ ಎಂದು ಮಕ್ಕಳಿಗೆ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

"ನಂಬೋದು ಹೇಗೆ?" ಎಂದರು ಇಬ್ಬರೂ ಒಟ್ಟಿಗೆ. ಒಟ್ಟಿಗೆ ಹೇಳಿದ್ದಕ್ಕೆ ಇಬ್ಬರಿಗೂ ಮುಜುಗರವಾಯಿತು.

"ನಂಬಬೇಡಿ. ಹಿಂದಿನ ಬೆಂಚಲ್ಲಿ ಬಂದು ಕೂತ್ಕೊಳ್ಳಿ," ಎಂದೆ. ದೊಡ್ಡ ಮಿಸ್ ಅದನ್ನೇ ತೀರ್ಪು ಮಾಡಿಬಿಟ್ಟರು: ಒಂದು ತಿಂಗಳು, ವಾರಕ್ಕೆರಡು ದಿನ, ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಪಾಠ ನೋಡುವುದು. ಇಬ್ಬರಲ್ಲಿ ಒಬ್ಬರಿಗೆ ವಾಲಿದಂತೆ ಕಂಡರೂ ನಾನು ಕಚೇರಿಗೆ.

ಪಾಠ ಸೋಮವಾರ ಮತ್ತೆ ಶುರು.

ನಿನ್ನ ಮಗಳು


ಆಗಸ್ಟ್ 6

ಮಗಳೇ!

ಓದಿದೆ. ಎರಡು ಸಲ. ಎರಡನೇ ಸಲ ಜೋರಾಗಿ. ದರ್ಜಿ ಹತ್ತಿ ಬರಲಿಲ್ಲ, ಮೆಟ್ಟಿಲ ಬುಡದಲ್ಲೇ ನಿಂತು ಕೇಳುತ್ತಿದ್ದ. ಮುಗಿದ ಮೇಲೆ, "ಆಮೇಲೇನಾಯ್ತಂತೆ?" ಎಂದು ಕೂಗಿದ.

ಅರ್ಧ ಸಭೆ ನಿನ್ನ ಕಡೆ ಇತ್ತು ಎಂದು ಬರೆದಿದ್ದೀ. ಚಪ್ಪಾಳೆ ಸಿಗುವ ಜಾಗ ಅದು, ನನಗೆ ಚೆನ್ನಾಗಿ ಗೊತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ. ನೀನು ಬಿಟ್ಟೆ.

ಆಮೇಲೇನಾಯಿತು? ಬರೆ. ಬೇಗ ಬರೆ.

ಅಪ್ಪ


ಆಗಸ್ಟ್ 29

ಅಪ್ಪಾ, ದರ್ಜಿಯವರೇ,

ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಎರಡು ವಾರ ಹಿಂದಿನ ಬೆಂಚಿನಿಂದ ಕೆಮ್ಮು ಮಾತ್ರ ಬರುತ್ತಿತ್ತು. ಒಬ್ಬರು ಕೆಮ್ಮಿದರೆ ಇನ್ನೊಬ್ಬರೂ ಕೆಮ್ಮುವುದು. ಮಕ್ಕಳು ತಮ್ಮ ರಸ್ತೆಯನ್ನು ನೋಡಿ ಬಂದರು, ನೀರಿನ ಟ್ಯಾಂಕು ನೋಡಿ ಬಂದರು, ಅಂಚೆಯವರನ್ನು ಮಾತಾಡಿಸಿ ಬಂದರು. ಕಷ್ಟ ಬಂದದ್ದು ಸೇತುವೆಯ ವಿಷಯಕ್ಕೆ.

"ಸೇತುವೆ ಕಟ್ಟಿದ್ದು ನಮ್ಮ ಪಕ್ಷ. ನೋಡಿದೀನಿ ಮಿಸ್, ಕಲ್ಲಲ್ಲಿ ಬರ್ದಿದೆ!" ಎಂದ ಗುಡುಗು.

"ನಾನೂ ಕಲ್ಲು ನೋಡಿದೀನಿ. ನಮ್ಮ ಪಕ್ಷ!" ಎಂದಳು ಶಾಯಿಬೆರಳು.

ಇಬ್ಬರೂ ನೋಡಿದ್ದಾರೆ, ಇಬ್ಬರೂ ಸುಳ್ಳು ಹೇಳುವ ಮಕ್ಕಳಲ್ಲ. ಮೂವತ್ತೊಂದು ಮಕ್ಕಳನ್ನೂ ಎರಡು ಸಾಲು ಮಾಡಿ ಹೊರಟೆ. ಹಿಂದೆ ಇಬ್ಬರು ಅಪ್ಪಂದಿರು. ಹೊಳೆಯ ಈಚೆ ತುದಿಯಲ್ಲಿ ಕಲ್ಲಿದೆ: ಅಡಿಗಲ್ಲು ಹಾಕಿದವರ ಹೆಸರು. ಗುಡುಗನ ಮನೆ ಈ ಕಡೆ. ಆಚೆ ತುದಿಯಲ್ಲೂ ಕಲ್ಲಿದೆ: ಉದ್ಘಾಟನೆ ಮಾಡಿದವರ ಹೆಸರು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಶಾಯಿಬೆರಳಿನ ಮನೆ ಆ ಕಡೆ. ದಿನಾ ಶಾಲೆಗೆ ಸೇತುವೆ ದಾಟಿ ಬರುವ ಹುಡುಗಿ ಈ ಕಲ್ಲು ಓದಿರಲಿಲ್ಲ. ಹುಡುಗ ಆ ಕಲ್ಲಿನ ಹತ್ತಿರ ಹೋಗಿಯೇ ಇರಲಿಲ್ಲ.

"ಹಾಗಾದ್ರೆ ಮಧ್ಯದ್ದನ್ನ ಯಾರು ಕಟ್ಟಿದ್ದು?" ಎಂದು ಒಬ್ಬಳು ಕೇಳಿದಳು. ಅವಳ ತಾತ ಗಾರೆ ಮೇಸ್ತ್ರಿ, ಆ ಸೇತುವೆಯಲ್ಲೇ ಕೆಲಸ ಮಾಡಿದವರು ಎಂದು ಅವಳಿಗೇ ಗೊತ್ತಿರಲಿಲ್ಲ. ಅವರನ್ನು ಮೊದಲೇ ಬರಹೇಳಿದ್ದೆ.

"ನಾವು ಅರವತ್ತು ಜನ," ಎಂದರು ಮೇಸ್ತ್ರಿ. "ಅರ್ಧ ಜನಕ್ಕೆ ನಮ್ಮ ಭಾಷೆನೇ ಬರ್ತಿರ್ಲಿಲ್ಲ. ಕೈಸನ್ನೆ ಮಾಡ್ಕೊಂಡೇ ಕಟ್ಟಿದ್ವಿ."

"ಅವ್ರೂ ನಮ್ಮ ದೇಶದೋರೇನಾ?"

"ಮತ್ತಿನ್ನೇನು!"

"ಕಲ್ಲಲ್ಲಿ ನಿಮ್ಮ ಹೆಸ್ರು ಯಾಕಿಲ್ಲ?"

"ಜಾಗ ಸಾಲ್ಲಿಲ್ಲ ಪುಟ್ಟಾ," ಎಂದು ನಕ್ಕರು. ಆಮೇಲೆ ಸೇತುವೆಯ ನಡುವೆ ಕರೆದುಕೊಂಡು ಹೋಗಿ ಒಂದು ಉಬ್ಬು ತೋರಿಸಿದರು. "ಇದು ನಮ್ಮ ತಪ್ಪು. ಅವತ್ತು ಅವಸರ ಮಾಡಿದ್ವಿ. ಇಪ್ಪತ್ತೆರಡು ವರ್ಷದಿಂದ ಗಾಡಿಗಳು ಇಲ್ಲಿ ಎಗರ್ತಾನೇ ಇವೆ."

ಗುಡುಗನಿಗೆ ಗಾಬರಿ. "ತಪ್ಪು ಅಂತ ಹೇಳಿದ್ರೆ ದೇಶಕ್ಕೆ ಬೇಜಾರಾಗಲ್ವಾ?"

"ಬಸ್ಸಲ್ಲಿ ತಲೆ ಗುದ್ದಿಸ್ಕೊಂಡೋರಿಗೆ ಬೇಜಾರಾಗಿದೆ, ಅದನ್ನ ನೋಡು," ಎಂದರು ಮೇಸ್ತ್ರಿ.

ಆಗ ಹಿಂದಿನಿಂದ ಶುರುವಾಯಿತು. ಅವಸರ ಮಾಡಿಸಿದ್ದು ನಿಮ್ಮ ಸರ್ಕಾರ, ಅಲ್ಲ ನಿಮ್ಮ ಸರ್ಕಾರ. ಇಬ್ಬರು ಅಪ್ಪಂದಿರೂ ಕೈ ಮೇಲೆತ್ತಿದ್ದರು. ಶಾಯಿಬೆರಳು ತಿರುಗಿ ನಿಂತಳು.

"ಅಪ್ಪಾ, ನೀನು ನೋಡಿದ್ಯಾ?"

ಅವರು ಎತ್ತಿದ ಕೈ ಇಳಿಸಿದರು.

"ಮೇಸ್ತ್ರಿ ತಾತನ್ನ ಕೇಳಿದ್ಯಾ?"

ಮುದ್ರಣಾಲಯದವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಹೊಳೆಯ ಕಡೆ ನೋಡುತ್ತಾ, "ಯಾರೂ ಮಾಡಿಸ್ಲಿಲ್ಲ ಸ್ವಾಮಿ. ಮೋಡ ಬಂತು, ಗಾರೆ ನೆನೆಯುತ್ತೆ ಅಂತ ನಾವೇ ಓಡಿದ್ವಿ," ಎಂದರು. ಧ್ವನಿವರ್ಧಕದವರಿಗೆ ಮೊದಲು ನಗು ಬಂತು, ಅವರ ನಗುವೂ ಗೊತ್ತಲ್ಲ, ಎರಡು ದಂಡೆಗೂ ಕೇಳಿಸುವಂಥದ್ದು. ಆಮೇಲೆ ಎಲ್ಲರೂ ನಕ್ಕೆವು.

ಈಗ ಮೂವತ್ತೊಂದು ಮಕ್ಕಳು ಸೇರಿ ಉಬ್ಬು ಸರಿಮಾಡಿಸಿ ಎಂದು ಕಚೇರಿಗೆ ಅರ್ಜಿ ಬರೆದಿದ್ದಾರೆ. ಯಾವ ಕಚೇರಿಗೆ ಎಂದು ಒಬ್ಬ ಅಪ್ಪ ಹೇಳಿಕೊಟ್ಟರು. ಕಾಗದ ಕೊಟ್ಟದ್ದು ಇನ್ನೊಬ್ಬ ಅಪ್ಪ. ಗುಡುಗನ ಸಹಿಗೆ ಜಾಗ ಸಾಲದೆ ಶಾಯಿಬೆರಳು ತನ್ನ ಹೆಸರನ್ನು ಪಕ್ಕಕ್ಕೆ ಒತ್ತಿ ಬರೆದಳು. ಮಧ್ಯಾಹ್ನ ಅವನು ಆಟದಲ್ಲಿದ್ದ. ಕೂಗು ಕೇಳಿಯೇ ಗೊತ್ತಾಯಿತು.

ನಿನ್ನೆ ದೊಡ್ಡ ಮಿಸ್ ಕರೆದರು. "ಇಬ್ಬರೂ ದೂರು ವಾಪಸ್ ತಗೊಂಡಿದಾರೆ. ನೀವು ಎರಡನೇ ತರಗತೀಲೇ ಇರಿ," ಎಂದರು. "ಆದ್ರೆ ಆ ಇಬ್ಬರನ್ನ ದಯವಿಟ್ಟು ಹಿಂದಿನ ಬೆಂಚಿಂದ ಎಬ್ಬಿಸಿ. ಇನ್ನು ಬರೋದು ಬೇಡ ಅಂದ್ರೂ ಬರ್ತಿದಾರೆ. ಬೆಂಚು ತಡ್ಕೊಳ್ಳಲ್ಲ."

ನಿನ್ನ ಮಗಳು

ಜೊತೆಗೊಂದು ಪುಟ್ಟ ಕಾಗದವಿದೆ. ಅವನೇ ಬರೆದದ್ದು, ನಾನು ತಿದ್ದಿಲ್ಲ.


(ಗೆರೆ ಎಳೆದ ಹಾಳೆಯಲ್ಲಿ, ಪೆನ್ಸಿಲಿನಲ್ಲಿ)

ಆಗಸ್ಟ್ 29

ನಾಟಕದ ತಾತನಿಗೆ,

ನಾನು ಒಡಕು ದೊರೆ ಪಾರ್ಟು ಮಾಡಿದ ಹುಡುಗ. ಮಿಸ್ ಪೂರ್ತಿ ನಾಟಕ ಓದಿ ಹೇಳಿದರು. ನಗು ಬಹಳ ಚೆನ್ನಾಗಿದೆ. ನನಗೊಂದು ಪ್ರಶ್ನೆ. ಒಡಕು ದೊರೆ ಯಾಕೆ ಈ ದೇಶ ನನ್ನದಲ್ಲ ಅಂದ? ಅವನಿಗೆ ಯಾರಾದರೂ ನೀನು ನಮ್ಮವನಲ್ಲ ಅಂದಿದ್ದರಾ? ನನ್ನನ್ನು ಆಟಕ್ಕೆ ಸೇರಿಸದೇ ಇದ್ದಾಗ ನಾನೂ ಈ ಮೈದಾನ ನನ್ನದಲ್ಲ ಅಂದೆ. ಓಡಿಸಿದ ಮೇಲೆ ಅವನು ಎಲ್ಲಿಗೆ ಹೋದ? ಅವನನ್ನು ಕೇಳಿ ಬರೆಯಿರಿ.

ಇಂತಿ ಗುಡುಗು


ಸೆಪ್ಟೆಂಬರ್ 4

ಮಗಳೇ,

ಆ ಹುಡುಗನಿಗೆ ಬೇರೆ ಕಾಗದದಲ್ಲಿ ಉತ್ತರ ಬರೆದಿದ್ದೇನೆ. ನಾಲ್ಕೇ ಪದ: ಗೊತ್ತಿಲ್ಲಪ್ಪ, ನಾನು ಕೇಳಲೇ ಇಲ್ಲ.

ನಲವತ್ತು ವರ್ಷದಲ್ಲಿ ಎಷ್ಟು ಖಳರನ್ನು ಗಡಿಯಾಚೆ ಅಟ್ಟಿದ್ದೇನೋ ಲೆಕ್ಕವಿಲ್ಲ. ಅಟ್ಟಿದ ಕೂಡಲೇ ನಾನು ಚಪ್ಪಾಳೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಬೆನ್ನ ಹಿಂದೆ ಯಾರು ಎಲ್ಲಿಗೆ ಹೋದರು ಎಂದು ತಿರುಗಿ ನೋಡುವ ಸಂಪ್ರದಾಯ ನಮ್ಮಲ್ಲಿರಲಿಲ್ಲ. ಈ ಏಳು ವರ್ಷದವನ ಪೆನ್ಸಿಲು ನನ್ನನ್ನು ಹಿಡಿದು ತಿರುಗಿಸಿತು.

ಹಾಗಾಗಿ ನಿನ್ನನ್ನು ಕೇಳುತ್ತಿದ್ದೇನೆ. ತೊಲಗು ಎಂದು ನಾನು ಕೈಬಿಟ್ಟ ಮೇಲೆ, ಪರದೆ ಬೀಳುವವರೆಗೆ, ಆ ಎರಡು ವರ್ಷ, ಪ್ರತಿ ಸಂಜೆ, ನೀನು ಎಲ್ಲಿಗೆ ಹೋಗುತ್ತಿದ್ದೆ?

ಕಾಗದದಲ್ಲಿ ಬರೆಯಬೇಡ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನನ್ನ ಕಡೆಯಿಂದ ಮಾತೇನೂ ಇಲ್ಲ, ಈ ಪ್ರಶ್ನೆ ಒಂದೇ.

ಅಪ್ಪ


ಸೆಪ್ಟೆಂಬರ್ 8

ಅಪ್ಪಾ,

ಬಾ. ಶನಿವಾರ ಒಂದು ದಿನಕ್ಕೆ ಮುಗಿಯುವ ಉತ್ತರವಲ್ಲ ಅದು. ಭಾನುವಾರವೂ ಇರುವ ಹಾಗೆ ಬಟ್ಟೆ ತಗೊಂಡು ಬಾ.

ನಿನ್ನ ಮಗಳು